ಮಡೆಪ್ಪನಿಗೆ ಮಣ್ಣು

ಕೋಟು ಹಾಕಿಕೊಳ್ಳುವಾಗ ಮೊಹಿನುದ್ದೀನನಿಗೆ, ಇವತ್ತು ತಾನು ಒಬ್ಬ ಮನುಷ್ಯನನ್ನು ಸಾಯಿಸಲು ಹೊರಟಿದ್ದೇನೆ ಎನ್ನುವುದಕ್ಕಿಂತ ಮೇಲಿನಿಂದ ಮೂರನೆಯ ಗುಂಡಿ ಇಲ್ಲ ಎನ್ನುವುದೇ ಹೆಚ್ಚು ಕಿರಿಕಿರಿಯಾಯಿತು. ಸಾಯಿಸುವುದೇನಿದ್ದರೂ ಬಾಯಿಮಾತಿನಲ್ಲಿ. ಕಲ್ಯಾಣದಲ್ಲಿ ಲಿಂಗವಂತರ ಪಂಚರು ಕೂಡುತ್ತಾರೆ, ಮಡೆಪ್ಪ ಸತ್ತದ್ದು ಖರೆಯೇ ಎಂದು ಕೇಳುತ್ತಾರೆ, ಇವನು ಖರೆ ಎನ್ನಬೇಕು. ಅಷ್ಟು ಹೇಳಿದರೆ ಮಡೆಪ್ಪನ ಹೆಂಡತಿ ಗಂಗುಬಾಯಿ ಮನ್ನಾಏಖೇಳ್ಳಿಯ ಬಕ್ಕಪ್ಪ ಕೊಡುವ ಉಡಿಕಿ ಸೀರೆ ಉಟ್ಟು ಎರಡನೆಯ ಸಂಸಾರ ಹೂಡಬಹುದು. ಹೇಳದಿದ್ದರೆ ಆಕೆ ಇದ್ದಲ್ಲೇ ಇರಬೇಕು, ಏಳು ವರ್ಷದಿಂದ ಇದ್ದ ಹಾಗೆ, ಗಂಡ ಉಳ್ಳವಳಾಗಿ, ಗಂಡನಿಲ್ಲದೆ. ಮಡೆಪ್ಪ ಸತ್ತಿದ್ದಾನೋ ಬದುಕಿದ್ದಾನೋ ಮೊಹಿನುದ್ದೀನನಿಗೆ ಗೊತ್ತಿರಲಿಲ್ಲ. ಅಂಗ್ರೇಜಿ ಸರ್ಕಾರಕ್ಕೂ ಗೊತ್ತಿರಲಿಲ್ಲ. ಕಾಬೂಲಿನ ಸೀಮೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವರು ಹುಮನಾಬಾದಿಗೆ ಹೇಳಿ ಕಳಿಸಿರಲಿಲ್ಲ. ಒಲೆಯ ಮುಂದೆ ಕೂತಿದ್ದ ಹೆಂಡತಿ ಕರೀಮಾ ತಿರುಗಿ ನೋಡಿ, "ಈ ಬಿಸಿಲಾಗ ಉಣ್ಣಿ ಕೋಟು ಯಾಕ್ರಿ? ಸಾಕ್ಷಿ ಹೇಳಾಕ ಹೊಂಟೀರೋ, ನಿಕಾ ಮಾಡ್ಕೊಳ್ಳಾಕ ಹೊಂಟೀರೋ?" ಎಂದಳು. ಪಲ್ಟನ್ನಿನ ಮನುಷ್ಯ ಪಲ್ಟನ್ನಿನವನ ಹಾಗೆ ಕಾಣಬೇಕು ಎಂದು ಇವನು ಗದರಿದ. "ಕಾಣ್ರಿ. ಆದ್ರ ಸುಳ್ಳು ಹೇಳಾವ್ರು ಇಷ್ಟು ಚೊಕ್ಕ ಆಗಿ ಹೋಗಬಾರ್ದು. ನೋಡಿದ್ರ ಅನುಮಾನ ಬರ್ತದ" ಎಂದು ಆಕೆ ಮತ್ತೆ ರೊಟ್ಟಿಯ ಕಡೆ ತಿರುಗಿದಳು. ಆಕೆಗೆ ಇವನು ಏನೂ ಹೇಳಿರಲಿಲ್ಲ. ಹೇಳದೆಯೇ ತಿಳಿದುಕೊಳ್ಳುವ ಕೆಟ್ಟ ಚಾಳಿ ಆಕೆಗೆ ಮೊದಲಿನಿಂದಲೂ ಇತ್ತು.

ಹುಮನಾಬಾದಿನ ಮೋಟಾರ್ ಅಡ್ಡೆಯಲ್ಲಿ ಅವನಿಗೆ ಕೆಲಸ. ಬೀದರಿನಿಂದ ಬರುವ ಮೋಟಾರು, ಕಲ್ಯಾಣಕ್ಕೆ ಹೋಗುವ ಮೋಟಾರು, ಎರಡೂ ಅವನ ಬೇವಿನ ಮರದ ಕೆಳಗೇ ನಿಲ್ಲಬೇಕು. ಅವನು ಊರಿನ ಹೆಸರು ಕೂಗಿ ಜನರನ್ನು ಇಳಿಸಬೇಕು, ಹತ್ತಿಸಬೇಕು, ಮಾಣಿಕನಗರದ ಮಠಕ್ಕೆ ಹೋಗುವವರಿಗೆ ದಾರಿ ತೋರಿಸಬೇಕು. ಮೋಟಾರು ತಡವಾದಾಗ, ಅದು ತಡವಾಗದ ದಿನವಿರಲಿಲ್ಲ, ಕಾಯುವ ಜನ ಅವನಿಂದ ಕಾಬೂಲಿನ ಸರಹದ್ದಿನ ಕಥೆ ಕೇಳುತ್ತಿದ್ದರು. ಪಲ್ಟನ್ನಿನಿಂದ ಮರಳಿದ ಹೊಸದರಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದ. ಎರಡು ಬೋಳು ಗುಡ್ಡ, ನಡುವೆ ಒಂದು ರಸ್ತೆ, ರಸ್ತೆಗೆ ಅಡ್ಡ ಒಂದು ಸರಪಳಿ, ದಾಟಬಾರದು ಎಂದು ಬರೆದ ಒಂದು ಹಲಗೆ. ಈ ಕಡೆ ಒಬ್ಬ ಸಿಪಾಯಿ, ಆ ಕಡೆ ಒಬ್ಬ ಸಿಪಾಯಿ, ಇಬ್ಬರಿಗೂ ನೆಗಡಿ. ಯಾರಿಗೂ ಇದು ಹಿಡಿಸಲಿಲ್ಲ. ಎರಡು ಮುಲ್ಕುಗಳ ನಡುವೆ ಬರೀ ಸರಪಳಿ ಇರುತ್ತದೆಂದರೆ ಇವನು ಅಲ್ಲಿಗೆ ಹೋಗಿಯೇ ಇಲ್ಲ ಎಂದು ಒಬ್ಬಿಬ್ಬರು ಬೆನ್ನ ಹಿಂದೆ ಆಡಿಕೊಂಡರು. ಆಮೇಲೆ ಅವನು ಕಲ್ಯಾಣದ ಕೋಟೆಯಷ್ಟು ಎತ್ತರದ ಒಂದು ಗೋಡೆ ಕಟ್ಟಿಸಿದ, ಅದರ ಮೇಲೆ ತೋಪು ಇಡಿಸಿದ, ಜನ ನಂಬಿದರು. ತಾನು ಸಿಪಾಯಿಯಲ್ಲ, ತೋಪಿನ ಸಾಮಾನು ಹೊರುವ ಹೇಸರಗತ್ತೆಗಳಿಗೆ ಮೇವು ಹಾಕುವವನಾಗಿದ್ದೆ ಎಂಬುದನ್ನೂ ಅವನು ಕ್ರಮೇಣ ಬಿಟ್ಟುಬಿಟ್ಟ. ಮಡೆಪ್ಪನೂ ಅದೇ ಕೆಲಸದವನು. ಇಬ್ಬರೂ ಕಲ್ಯಾಣದಲ್ಲಿ ಹುಟ್ಟಿ ಬೆಳೆದವರು, ಕೂಡಿಯೇ ಊರು ಬಿಟ್ಟಿದ್ದರು, ಮಡೆಪ್ಪನಿಗೆ ಆಗ ಮದುವೆಯಾಗಿ ಒಂದು ಹಬ್ಬ ಕಳೆದಿತ್ತು.

ಗಂಗುಬಾಯಿ ಹೋದ ತಿಂಗಳು ಇದೇ ಬೇವಿನ ಕೆಳಗೆ ಬಂದು ನಿಂತಿದ್ದಳು. ಒಬ್ಬಳೇ ಬಂದಿದ್ದಳು. ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಸ್ವಲ್ಪ ಹೊತ್ತು ಕಳೆದು, "ಮೊಹಿನಣ್ಣ, ನನಗ ನಿಮ್ಮ ಮ್ಯಾಲ ಸಿಟ್ಟಿಲ್ರಿ" ಎಂದು ಮಾತು ತೆಗೆದಳು. ಸಿಟ್ಟು ಯಾಕೆ ಬರಬೇಕಿತ್ತು ಎಂದು ಇವನು ಕೇಳಲಿಲ್ಲ, ಕೇಳಿದರೆ ಆಕೆ ಹೇಳಿಬಿಟ್ಟರೆ ಎಂದು ಹೆದರಿದ. "ಬಕ್ಕಪ್ಪ ಛಲೋ ಮನಷ್ಯಾ. ಅವಗ ಎರಡು ಸಣ್ಣ ಮಕ್ಳವ, ತಾಯಿಲ್ಲ. ಯುಗಾದಿ ತನಕ ಕಾಯ್ತೀನಿ ಅಂದಾನ. ಆಮ್ಯಾಲ ಅವನರ ಹ್ಯಾಂಗ ಕಾಯ್ತಾನ್ರಿ?" ಎಂದಳು. ಆಕೆಯ ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗಾಗಿದ್ದವು, ಮೊಹಿನುದ್ದೀನ ಅದನ್ನು ನೋಡಬಾರದಿತ್ತು, ನೋಡಿದ. "ಪಂಚರು ನೋಡಿದಾವ್ರ ಸಾಕ್ಷಿ ಬೇಕಂತಾರ. ನೀವು ಒಂದು ಮಾತು ಹೇಳ್ರಿ ಸಾಕು. ನಮ್ಮ ಅತ್ತಿ ಮುಂದ ಹ್ಯಾಂಗ ಹೇಳ್ಲಿ ನಾನು? ಆಕಿ ದಿನಾ ಮಗನ ಪಾಲಿನ ರೊಟ್ಟಿ ಬಡೀತಾಳ, ಮರುದಿನ ಅದನ್ನs ನಾನು ತಿಂತೀನಿ." ಆಕೆ ಅಳಲಿಲ್ಲ. ಅತ್ತಿದ್ದರೆ ಇವನಿಗೆ ಸಮಾಧಾನ ಹೇಳುವ ಕೆಲಸವಾದರೂ ಸಿಗುತ್ತಿತ್ತು. ಆಗಲಿ ನೋಡೋಣ ಎಂದು ಅವನು ಕಲ್ಯಾಣ, ಕಲ್ಯಾಣ ಎಂದು ಜೋರಾಗಿ ಕೂಗಿದ, ಮೋಟಾರು ಇನ್ನೂ ಬಂದೇ ಇರಲಿಲ್ಲ.

ಇವತ್ತಿನ ಮೋಟಾರು ಬಂದಾಗ ಬಿಸಿಲು ಏರಿತ್ತು. ಲಡಾಯಿ ಶುರುವಾದ ಮೇಲೆ ಪೆಟ್ರೋಲು ಸಿಗದೆ ಅದರ ಹಿಂದೆ ಒಂದು ಇದ್ದಿಲ ಒಲೆ ಕಟ್ಟಿದ್ದರು. ಅದು ಹೊಗೆ ಬಿಡುತ್ತಿತ್ತು, ಕೆಮ್ಮುತ್ತಿತ್ತು, ರಾಜೇಶ್ವರದ ಏರಿನಲ್ಲಿ ನಿಂತೇ ಬಿಟ್ಟಿತು. ಗಂಡಸರೆಲ್ಲ ಇಳಿದು ದೂಡಬೇಕಾಯಿತು. "ಪಲ್ಟನ್ ಸಾಹೇಬ್ರು ಒಂದು ಕೈ ಹಚ್ರಿ" ಎಂದು ಡ್ರೈವರು ನಕ್ಕ. ಉಣ್ಣೆ ಕೋಟಿನೊಳಗೆ ಬೆವರು ಇಳಿಯುತ್ತಿದ್ದರೂ ಕೋಟು ಬಿಚ್ಚಲು ಮೊಹಿನುದ್ದೀನನಿಗೆ ಮನಸ್ಸಾಗಲಿಲ್ಲ, ಬಿಚ್ಚಿದರೆ ಹರಿದ ಅಂಗಿ ಕಾಣುತ್ತಿತ್ತು. ಅವನು ಮೋಟಾರಿನ ಹಿಂಭಾಗಕ್ಕೆ ಭುಜ ಕೊಟ್ಟು ತಳ್ಳುತ್ತ, ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡ. ಎರಡು ತಿಂಗಳಾದ ಮೇಲೆ ಆ ಕಡೆಯವರು ಹೆಣ ತಂದು ಸರಪಳಿಯ ಹತ್ತಿರ ಇಟ್ಟರು. ತಾಯಿಯ ಮುಂದೆ ಇಷ್ಟು ದಿನ ಬಾಯಿ ಬರಲಿಲ್ಲ. ಇಷ್ಟೇ. ಇದಕ್ಕಿಂತ ಉದ್ದ ಹೇಳಿದರೆ ತಾನು ಗೋಡೆ ಕಟ್ಟಿಸಲು ಶುರುಮಾಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಇದ್ದಿಲ ಹೊಗೆ ಮೂಗಿಗೆ ಬಡಿಯಿತು, ಸರಹದ್ದಿನಲ್ಲಿ ಆ ಬೆಳಿಗ್ಗೆಯೂ ಇಂಥದೇ ಹೊಗೆ ಇತ್ತು. ಚಳಿಗೆ ಬೆರಳು ಮರಗಟ್ಟಿದ್ದವು, ತನ್ನ ಹೇಸರಗತ್ತೆಯ ಹಗ್ಗವನ್ನು ಗೂಟಕ್ಕೆ ಕಟ್ಟುವ ಬದಲು ಒಂದು ಕಲ್ಲಿನ ಕೆಳಗೆ ಒತ್ತಿಟ್ಟು ಅವನು ಬೆಂಕಿಯ ಹತ್ತಿರ ಹೋಗಿದ್ದ. ಬೆಂಕಿಗೆ ಹಿಡಿದ ಕೈ ತಿರುಗಿಸುವಷ್ಟರಲ್ಲಿ ಆ ಪ್ರಾಣಿ ಕಲ್ಲನ್ನು ಉರುಳಿಸಿ, ಸರಪಳಿಯ ಪಕ್ಕದ ಇಳಿಜಾರಿನಲ್ಲಿ ಹೆಜ್ಜೆ ಹಾಕುತ್ತ, ಕಾಬೂಲಿನ ಸೀಮೆಯ ಒಣ ಹುಲ್ಲು ಮೇಯಲು ಶುರುಮಾಡಿತ್ತು. "ಸರ್ಕಾರಿ ಜೀವದಪ, ನಿನ್ನ ತೊಗಲು ಸುಲೀತಾರ" ಎಂದು ಮಡೆಪ್ಪ ಓಡಿದ. ತನ್ನದಲ್ಲದ ಹೇಸರಗತ್ತೆಯ ಹಿಂದೆ ಓಡಿದ. ಹಗ್ಗ ಹಿಡಿದೇಬಿಟ್ಟ. ತಿರುಗಿದಾಗ ಆ ಕಡೆಯ ಸಿಪಾಯಿ ಬಂದೂಕು ಅಡ್ಡ ಹಿಡಿದಿದ್ದ, ಸಿಟ್ಟೇನೂ ಇರಲಿಲ್ಲ, ಕೂತುಕೋ ಎಂದು ಕೈ ಮಾಡಿದ.

ಮಡೆಪ್ಪ ಕೂತ. ಇಲ್ಲಿಂದ ಕಲ್ಲು ಒಗೆದರೆ ಬೀಳುವಷ್ಟು ದೂರ. ಈ ಕಡೆಯ ಸಾಹೇಬ ಬಂದು ದುರ್ಬೀನಿನಲ್ಲಿ ನೋಡಿದ, ದುರ್ಬೀನು ಬೇಕಿರಲಿಲ್ಲ. ಯಾರೂ ಸರಪಳಿ ದಾಟಕೂಡದು, ಮೇಲಿನವರಿಗೆ ಬರೆಯುತ್ತೇವೆ, ಅವರು ಕಾಬೂಲಿಗೆ ಬರೆಯುತ್ತಾರೆ ಎಂದ. ಹೊತ್ತು ಏರಿದ ಮೇಲೆ ಆ ಕಡೆಯವರು ಮಡೆಪ್ಪನಿಗೆ ಚಹಾ ಕೊಟ್ಟರು. ಅವನು ಒಂದು ಗುಟುಕು ಕುಡಿದು, ಮುಖ ಕಿವುಚಿ, ಕಲ್ಯಾಣದ ಓಣಿಯಲ್ಲಿ ಕೂಗುವ ಹಾಗೆ, "ಮೊಹಿನಾ, ಇದಕ್ಕ ಹಾಲs ಹಾಕಿಲ್ಲೋ" ಎಂದು ಕೂಗಿದ. ಎರಡು ಸರ್ಕಾರಗಳ ಸಿಪಾಯಿಗಳೂ ಇವನ ಮುಖ ನೋಡಿದರು, ಏನು ಹೇಳಿದ ಎಂದು. ಇವನು ನಕ್ಕ. ಮುಂದೆ ಎಷ್ಟೋ ಸಲ ಆ ನಗು ನೆನಪಾಗಿ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗಿತ್ತು; ಆದರೆ ಆಗ ನಗು ಬಂದಿತ್ತು, ಅದು ನಿಜವಾಗಿಯೂ ನಗುವ ಮಾತೇ. ಸಂಜೆ ಆ ಕಡೆಯವರು ಹೇಸರಗತ್ತೆಯನ್ನು ಹೊಡೆದು ಈ ಕಡೆ ಕಳಿಸಿದರು. ಅದರ ಮೈಮೇಲೆ ಸರ್ಕಾರದ ಮುದ್ರೆ ಇತ್ತು, ಯಾರದು ಎಂಬುದರಲ್ಲಿ ತಕರಾರಿರಲಿಲ್ಲ. ಮಡೆಪ್ಪನ ಮೇಲೆ ಮುದ್ರೆ ಇರಲಿಲ್ಲ. ಮರುದಿನ ಬೆಳಿಗ್ಗೆ ಆ ಕಡೆ ಬೇರೆ ಸಿಪಾಯಿ ಬಂದಿದ್ದ, ಮಡೆಪ್ಪ ಕೂತ ಜಾಗದಲ್ಲಿ ಯಾರೂ ಇರಲಿಲ್ಲ. ಕಾಬೂಲಿನಿಂದ ಜವಾಬು ಬರಲಿಲ್ಲ, ಅಥವಾ ಬಂದದ್ದು ಮೇವು ಹಾಕುವವರ ತನಕ ಇಳಿಯಲಿಲ್ಲ. ಮಡೆಪ್ಪ ಓಡಿಹೋದವನೆಂದು ಬರೆದುಕೊಂಡರು. ಮೊಹಿನುದ್ದೀನ ಅದೇ ಹೇಸರಗತ್ತೆಗೆ ಇನ್ನೂ ಎರಡು ವರ್ಷ ಮೇವು ಹಾಕಿದ. ಊರಿಗೆ ಬಂದು ಧೂಳಮ್ಮನಿಗೆ, ಮಡೆಪ್ಪನ ತಾಯಿಗೆ, ಎಲ್ಲ ಹೇಳಿದ, ಹಾಲಿಲ್ಲದ ಚಹಾದ ಮಾತನ್ನೂ ಹೇಳಿದ. ಹಗ್ಗವನ್ನು ಕಲ್ಲಿನ ಕೆಳಗೆ ಇಟ್ಟವರು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಧೂಳಮ್ಮ ಚಹಾದ ಮಾತಿಗೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಿದ್ದಳು. ಅಷ್ಟರಿಂದಲೇ ಮಗ ಬದುಕಿದ್ದಾನೆ ಎಂದು ನಂಬಿದಳು, ಊರಿಗೆಲ್ಲ ಬದುಕಿದ್ದಾನೆಂದೇ ಹೇಳಿದಳು, ಸೊಸೆಯ ಕೈತುಂಬ ಬಳೆ ಇಡಿಸಿದಳು.

ಕಲ್ಯಾಣದಲ್ಲಿ ಪಂಚರು ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ಮೊಹಿನುದ್ದೀನನಿಗೆ ಕಟ್ಟೆಯ ಕೆಳಗಿನ ಮೆಟ್ಟಿಲು ತೋರಿಸಿದರು, ಮೇಲೆ ಕರೆಯಲಿಲ್ಲ, ನೀರು ಕೊಡುವಾಗ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. ಹುಡುಗನಾಗಿದ್ದಾಗ ಮಡೆಪ್ಪನ ಜೊತೆ ಇದೇ ಕಟ್ಟೆಯ ಮೇಲಿನಿಂದ ಧುಮುಕಿ ಕಾಲು ಉಳುಕಿಸಿಕೊಂಡಿದ್ದ. ಆಗ ಯಾರೂ ಕೆಳಗಿಳಿ ಎಂದಿರಲಿಲ್ಲ. ಬಕ್ಕಪ್ಪ ಒಂದು ಮೂಲೆಯಲ್ಲಿ, ಎತ್ತು ಕೊಳ್ಳಲು ಬಂದು ಬೆಲೆ ಕೇಳಲು ನಾಚುವವನಂತೆ, ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. ಹೆಂಗಸರು ಕಂಬದ ಆಚೆಗೆ. ಗಂಗುಬಾಯಿ ತಲೆ ಎತ್ತಲಿಲ್ಲ. ಧೂಳಮ್ಮ ಮಾತ್ರ ಇವನನ್ನೇ ನೋಡುತ್ತಿದ್ದಳು, ಬಂದಿಯೇನಪಾ, ಉಂಡಿಯೇನಪಾ ಎಂದು ಎಂದಿನಂತೆ ಕೇಳುವವಳ ಹಾಗೆಯೇ. ಪಂಚರಲ್ಲಿ ಹಿರಿಯ ವೈಜಿನಾಥಪ್ಪ ಕೆಮ್ಮಿ, "ಮೊಹಿನುದ್ದೀನ, ನೀ ಅವನ ಸಂಗಾಟ ಇದ್ದಾಂವ. ಮಡೆಪ್ಪ ಅದಾನೋ ಇಲ್ಲೋ, ಕಂಡದ್ದು ಹೇಳು" ಎಂದ. ಮೊಹಿನುದ್ದೀನ ಜೋಡಿಸಿಕೊಂಡಿದ್ದನ್ನು ಹೇಳಿದ. ಎರಡು ತಿಂಗಳು, ಹೆಣ, ಸರಪಳಿ, ತಾಯಿಯ ಮುಂದೆ ಬಾರದ ಬಾಯಿ. ತನ್ನ ದನಿ ಮೋಟಾರ್ ಅಡ್ಡೆಯಲ್ಲಿ ಊರಿನ ಹೆಸರು ಕೂಗುವ ದನಿಯ ಹಾಗೆಯೇ ಇದೆ ಎಂದು ಅವನಿಗೆ ಆಶ್ಚರ್ಯವಾಯಿತು. ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ಬಕ್ಕಪ್ಪ ರುಮಾಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ವೈಜಿನಾಥಪ್ಪ, "ಮಣ್ಣು ಕೊಟ್ಟೀಯೇನು?" ಎಂದು ಕೇಳಿದ.

ಅದು ಸುಮ್ಮನೆ ಕೇಳಿದ ಮಾತು. ಸತ್ತವರಿಗೆ ಮೂರು ಹಿಡಿ ಮಣ್ಣು ಕೊಡುವುದು ಮುಸಲ್ಮಾನರಲ್ಲೂ ಇತ್ತು, ಲಿಂಗವಂತರಲ್ಲೂ ಇತ್ತು. ಒಬ್ಬರ ಮಣ್ಣಿಗೆ ಇನ್ನೊಬ್ಬರು ಹೋಗುವುದೂ ಇತ್ತು. "ಕೊಟ್ಟೀನ್ರಿ" ಎಂದ ಮೊಹಿನುದ್ದೀನ. "ಹ್ಯಾಂಗ ಇಟ್ರಿ ಅವನ್ನ?" ಮೊಹಿನುದ್ದೀನನ ಕಣ್ಣ ಮುಂದೆ ತನ್ನ ಮನೆಯಲ್ಲಿ ಅವನು ಕಂಡ ಒಂದೇ ಸಾವು ಬಂದು ನಿಂತಿತು. "ಉತ್ತರಕ್ಕ ತಲಿ ಮಾಡಿ ಮಲಗಿಸಿದ್ವಿರಿ. ಮುಖ ಪಡುವಲಕ್ಕ ಹೊಳ್ಳಿಸಿ" ಎಂದ. ಹಾಗೆ ಇಟ್ಟಿದ್ದು ಅವನ ಅಪ್ಪನನ್ನು. ಹೇಳಿದ ಮೇಲೆ ಕಟ್ಟೆಯ ಮೇಲೆ ಆಡುತ್ತಿದ್ದ ತಲೆಗಳು ನಿಂತವು. ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಇದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಮಡೆಪ್ಪನ ಅಪ್ಪ ಸತ್ತಾಗ, ಆಳದ ಕುಣಿಯಲ್ಲಿ, ಹಣೆಗೆ ವಿಭೂತಿ ಬಳಿದುಕೊಂಡು ಊಟಕ್ಕೆ ಕೂತವನಂತೆ ಕೂತಿದ್ದ ಆ ಮುದುಕನಿಗೆ ಮೊಹಿನುದ್ದೀನನೇ ಮಣ್ಣು ಕೊಟ್ಟಿದ್ದ. ಎಲ್ಲ ಗೊತ್ತಿದ್ದೂ ನಾಲಿಗೆ ತನ್ನ ಮನೆಯ ಕಡೆ ಹೋಗಿಬಿಟ್ಟಿತ್ತು. ಒಬ್ಬ ಪಂಚ, "ನಮ್ಮ ಹುಡುಗನ್ನ ಮಲಗಿಸಿಬಿಟ್ರೇನು?" ಎಂದ. ಇನ್ನೊಬ್ಬ, "ಮಲಗಿಸ್ಯಾರೋ, ಕನಸು ಕಂಡಾನೋ?" ಎಂದ. ಯಾರೋ ಸಣ್ಣಗೆ ನಕ್ಕರು. ಗಂಗುಬಾಯಿ ಈಗ ತಲೆ ಎತ್ತಿ ನೋಡುತ್ತಿದ್ದಳು, ಆ ನೋಟದಲ್ಲಿ ಸಿಟ್ಟು ಇರಲಿಲ್ಲ, ಆಕೆ ಮೊದಲೇ ಹೇಳಿದ್ದಳಲ್ಲ. ಒಂದು ಹಗ್ಗ ಕಟ್ಟಲಾರದವನು, ಒಂದು ಸುಳ್ಳನ್ನೂ ನೆಟ್ಟಗೆ ಹೇಳಲಾರದವನು ಎಂದು ಮೊಹಿನುದ್ದೀನ ಮೆಟ್ಟಿಲು ನೋಡುತ್ತ ಕೂತ.

"ಮಲಗಿಸದs ಏನು ಮಾಡ್ತಾರಪಾ?" ಎಂದಳು ಧೂಳಮ್ಮ. ಕಂಬದ ಆಚೆಯಿಂದಲೇ, ದೊಡ್ಡ ದನಿಯಲ್ಲಲ್ಲ. "ಬರೇ ಬಂಡಿಗಲ್ಲಿನ ನೆಲ ಅಂತ ಅದು. ಕುಂಡ್ರಿಸಬೇಕಂದ್ರ ಆಳುದ್ದ ಅಗೀಬೇಕು. ಆ ಪರದೇಶದಾಗ ಯಾವಾಂವ ಕುಂತು ಅಗೀತಾನ? ಮಲಗಿಸಾಕ ಎರಡು ಮೊಳ ಸಾಕು. ಇಂವ ಒಬ್ಬಾಂವ ಅಷ್ಟು ಮಾಡಿದ್ದs ಭಾಳ." ವೈಜಿನಾಥಪ್ಪ ಮುದುಕಿಯ ಕಡೆ ತಿರುಗಿದ. "ಧೂಳಮ್ಮ, ನೀ ಏನಂತಿ? ಏಳು ವರ್ಷ ಅದಾನಂತ ನೀನs ಹೇಳ್ಕೋತ ಬಂದಿ." "ಹೇಳೀನಿ. ಸತ್ತಾನ, ಈಗ ಹೇಳಾಕತ್ತೀನಿ" ಎಂದಳು ಧೂಳಮ್ಮ. "ಹೊತ್ತು ಹಡದಾಕಿ ನಾ. ನನಗಿಂತ ಹೆಚ್ಚಿನ ಸಾಕ್ಷಿ ಯಾರದು ಬೇಕು?" ತಾಯಿಯ ಮಾತನ್ನು ಪಂಚರು ಒಪ್ಪಿಕೊಂಡರು. ಆದರೆ ಮಲಗಿಸಿದವನನ್ನು ಹಾಗೆಯೇ ಬಿಡುವಂತಿಲ್ಲ, ಇಲ್ಲಿ ಅವನ ಬಟ್ಟೆಗಳನ್ನಾದರೂ ಸರಿಯಾಗಿ ಕೂಡಿಸಿ ಮಣ್ಣು ಕೊಡಬೇಕು, ಆಮೇಲೆ ಉಡಿಕಿ ಎಂದು ತೀರ್ಮಾನವಾಯಿತು. ಬಳೆ ಒಡೆಯುವ ಮಾತು ಬಂದಾಗ ವೈಜಿನಾಥಪ್ಪ, ಹೇಗೂ ಮತ್ತೆ ಇಡಿಸಬೇಕಲ್ಲ, ತೆಗೆದಿಟ್ಟರೆ ಸಾಕು, ಲಡಾಯಿಯಲ್ಲಿ ಬಳೆ ಸಿಗುವುದಿಲ್ಲ ಎಂದ. ಎಲ್ಲರೂ ಒಪ್ಪಿದರು.

ಅವತ್ತೇ ಮಧ್ಯಾಹ್ನ ಊರ ಹೊರಗೆ ಕುಣಿ ತೋಡಿಸಿದರು. ಮಡೆಪ್ಪನ ಮದುವೆಯ ರುಮಾಲು, ಒಂದು ಧೋತರ, ಎರಡನ್ನೂ ಸುತ್ತಿ ಸುತ್ತಿ ಒಂದು ಆಳಿನಂತೆ ಕೂಡಿಸಿದರು. ಅದು ಒಂದು ಕಡೆ ವಾಲುತ್ತಿತ್ತು, ಬಕ್ಕಪ್ಪ ಕುಣಿಗೆ ಇಳಿದು ಬೆನ್ನಿಗೆ ಒಂದು ಕಲ್ಲು ಕೊಟ್ಟು ನೆಟ್ಟಗೆ ಮಾಡಿದ. ಅಯ್ಯನವರು ವಿಭೂತಿ ಬಳಿದು, "ನೀ ಮೊದಲು ಕೊಟ್ಟಾಂವ, ನೀನs ಮೊದಲು ಕೊಡು" ಎಂದು ಮೊಹಿನುದ್ದೀನನನ್ನು ಕರೆದರು. ಅವನು ಬಗ್ಗಿದ. ಕಲ್ಯಾಣದ ಕೆಂಪು ಮಣ್ಣು, ಬಿಸಿಲಿಗೆ ಬೆಚ್ಚಗಿತ್ತು. ಮೊದಲ ಹಿಡಿ ಹಾಕುವಾಗ ಬಟ್ಟೆ ಎಂದುಕೊಂಡ. ಎರಡನೆಯ ಹಿಡಿಗೂ ಹಾಗೇ ಅಂದುಕೊಳ್ಳಲು ನೋಡಿದ, ಆಗಲಿಲ್ಲ. ಮೂರನೆಯ ಹಿಡಿ ಕೈಯಲ್ಲಿದ್ದಾಗ ಅವನಿಗೆ ಅಳು ಬಂತು, ಜನರ ಮುಂದೆ, ಕೋಟಿನ ತೋಳಿನಲ್ಲಿ ಮುಖ ಒರೆಸಿಕೊಳ್ಳಬೇಕಾದಂಥ ಅಳು. ಸಾಕ್ಷಿಯ ಬಗ್ಗೆ ಯಾರಿಗಾದರೂ ಅನುಮಾನ ಉಳಿದಿದ್ದರೆ ಅದರಿಂದ ತೀರಿತು. ಗಂಗುಬಾಯಿ ಮಣ್ಣು ಹಾಕಿ, ಬರಿಗೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಸಂಜೆಯ ಮೋಟಾರು ಬರುವ ತನಕ ಧೂಳಮ್ಮ ಅವನ ಜೊತೆ ರಸ್ತೆಯ ಬದಿಗೆ ಬಂದು ಕೂತಳು. ಬರಬೇಡವೆಂದರೂ ಬಂದಳು. ಆಕೆಯ ಕಾಲಿಗೆ ಕುಣಿಯ ಮಣ್ಣು ಇನ್ನೂ ಹತ್ತಿತ್ತು. ಮೊಹಿನುದ್ದೀನ "ಅವ್ವಾ, ಆ ಹೇಸರಗತ್ತಿ..." ಎಂದು ಶುರುಮಾಡಿದ. "ಹೇಸರಗತ್ತಿ ಮಾತು ಬಿಡು" ಎಂದಳು ಆಕೆ. "ಯಾರದರ ಇರ್ಲಿ. ಓಡಿದಾಂವ ನನ್ನ ಮಗ. ಬ್ಯಾರೇದವ್ರ ದನ ತಪ್ಪಿದ್ರೂ ಓಡಾಂವ ಅಂವ." ಆಮೇಲೆ ರಸ್ತೆಯನ್ನೇ ನೋಡುತ್ತ ಕೇಳಿದಳು: "ಮೊಹಿನಾ, ಬೀದರಿಂದ ಬರಾವ್ರು ಎಲ್ಲಾರೂ ನಿಮ್ಮ ಹುಮನಾಬಾದಿನಾಗs ಇಳೀತಾರಲ್ಲ?"

"ಹೌದವ್ವಾ. ಅಲ್ಲಿಂದ ಕಲ್ಯಾಣಕ್ಕ ಬ್ಯಾರೆ ಮೋಟಾರು ಹತ್ತಬೇಕು."

"ಅಂವ ಬಂದ್ರ ಅಲ್ಲೇ ತಡಿ. ಈ ಕಡಿ ಹತ್ತಿಸಬ್ಯಾಡ."

ಮೊಹಿನುದ್ದೀನ ಆಕೆಯ ಮುಖ ನೋಡಿದ. ಆಕೆ ಹುಚ್ಚಿಯ ಹಾಗೇನೂ ಕಾಣಲಿಲ್ಲ, ಬೆಳಿಗ್ಗೆ ಕಟ್ಟೆಯ ಹತ್ತಿರ ಇದ್ದಂತೆಯೇ ಇದ್ದಳು.

"ಸುಮ್ನ ಬಾಯಿ ತಕ್ಕೊಂಡು ನೋಡಬ್ಯಾಡ. ಹಾಲಿಲ್ಲದ ಚಾ ಸೇರದಾಂವ ಯಾವಾಗರ ಒಮ್ಮೆ ಮನಿ ಕಡಿ ಬರಾಂವs. ಇಲ್ಲಿ ಅವಗ ಮಣ್ಣು ಕೊಟ್ಟಾದ. ಆಕಿ ಬ್ಯಾರೆ ಮನಿ ಹಿಡೀತಾಳ, ನಾಳೆ ಮಕ್ಳಾಗ್ತಾವ. ಅಂವ ಬಂದು ಬಾಗಿಲ್ದಾಗ ನಿಂತ್ರ ಆಕಿ ಎಲ್ಲಿ ಹೋಗ್ಬೇಕು?"

"ಏನಂತ ತಡೀಲಿ ಅವ್ವಾ? ಅಂವ ನಿನ್ನ ನೋಡಾಕs ಬರ್ತಾನ."

"ನಾ ಸತ್ತೀನಿ ಅನ್ನು. ಹೆಂಡ್ತಿನೂ ಹೋದ್ಲು ಅನ್ನು. ಮಣ್ಣು ಕೊಟ್ಟೀನಿ ಅನ್ನು. ನೀ ಹೇಳಿದ್ರ ನಂಬ್ತಾನ." ಕಾಲಿಗೆ ಹತ್ತಿದ ಮಣ್ಣು ನೋಡಿಕೊಂಡು, "ಕುಂಡ್ರಿಸಿ ಇಟ್ವಿ ಅಂತ ಹೇಳು. ಮತ್ತ ತಪ್ಪಬ್ಯಾಡ" ಎಂದಳು.

ದೂರದಲ್ಲಿ ಇದ್ದಿಲ ಹೊಗೆ ಕಂಡಿತು. ಮೊಹಿನುದ್ದೀನ ಎದ್ದು ಕೋಟು ಕೊಡವಿಕೊಂಡ. ಎಲ್ಲಿಗೆ ಕಳಿಸಲಿ ಅವನನ್ನು ಎಂದು ಕೇಳಿದ. ಎಲ್ಲಿಂದ ಬಂದಿರುತ್ತಾನೋ ಅಲ್ಲಿಗೆ ಎಂದಳು ಧೂಳಮ್ಮ. ಮೋಟಾರು ಬಂದು ನಿಂತಿತು. ಅವನು ಒಂದು ಕಾಲು ಮೇಲಿಟ್ಟಾಗ ಆಕೆ ಕೋಟಿನ ತುದಿ ಹಿಡಿದಳು.

"ಹೇಳೂದಕ್ಕಿಂತ ಮೊದಲು ಉಣ್ಣಾಕ ಹಾಕು. ಕರೀಮಾಗ ಹೇಳಿ ಬಿಸಿ ರೊಟ್ಟಿ ಮಾಡ್ಸು. ಹೇಳಿದ ಮ್ಯಾಲ ಅಂವ ಉಣ್ಣಾಂಗಿಲ್ಲ."

ಹೂಂ ಎಂದ ಮೊಹಿನುದ್ದೀನ. ಆಕೆ ಕೋಟು ಬಿಟ್ಟಳು.